ಯಾರೂ ಕಳಿಸದ ಪ್ಯಾಕೆಟ್

ಆ ದಿನ ಬೆಳಿಗ್ಗೆಯೂ ನಾನು ದಿನದಂತೆ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಎದ್ದು ಡ್ರಮ್ ತುಂಬಿಸಿದೆ, ಬಾಗಿಲ ಹಿಡಿಗೆ ಸಿಕ್ಕಿಸಿದ್ದ ಚೀಲದಿಂದ ಹಾಲು ತೆಗೆದುಕೊಂಡೆ, ನೀರುದೋಸೆಗೆ ಕಾವಲಿ ಇಟ್ಟೆ. ಮುಂಬಯಿಯ ಸಾಂತಾಕ್ರೂಜ್‌ನ ನಮ್ಮ ಬಿಲ್ಡಿಂಗ್ ಮೇಲೆ ವಿಮಾನ ಹಾದುಹೋಗುವಾಗ ಮಾತು ನಿಲ್ಲಿಸಿ, ಅದು ಹೋದ ಮೇಲೆ ಅಲ್ಲಿಂದಲೇ ಮುಂದುವರಿಸುವುದು ನಮಗೆ ಅಭ್ಯಾಸ. ಅವತ್ತು ಮುಂದುವರಿಸುವಂಥ ಮಾತೇನೂ ಇರಲಿಲ್ಲ. ನನ್ನ ಗಂಡ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಉಗುರು ಕಚ್ಚುತ್ತಿದ್ದರು.

ಇಂಥ ಅನುಭವಗಳನ್ನು ಬೇರೆಯವರು ಬರೆದರೆ ಅರ್ಧಕ್ಕೇ ಪುಟ ಮಗುಚುತ್ತಿದ್ದವಳು ನಾನು. ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ದೇವರನ್ನು ನಂಬಲು ಕಲಿಸಿದ್ದರು, ಉಳಿದದ್ದನ್ನಲ್ಲ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ಇವರ ಕೆಲಸವನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಒಂದು ಕಂಪ್ಯೂಟರಿನ ಒಳಗೆ ಪ್ರೋಗ್ರಾಮಿನಿಂದಲೇ ಕಟ್ಟಿದ ಬೇರೆ ಕಂಪ್ಯೂಟರುಗಳಿರುತ್ತವೆ. ವರ್ಚುವಲ್ ಮಷಿನ್ ಅನ್ನುತ್ತಾರೆ. ಅವುಗಳ ನಡುವೆ ಮಾಹಿತಿ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಓಡಾಡುತ್ತದೆ. ನೆಟ್‌ವರ್ಕ್ ಡ್ರೈವರ್ ಎನ್ನುವುದು ಗೇಟು. ಆ ಗೇಟಿನಲ್ಲಿ ಪುಟ್ಟದೊಂದು ಪ್ರೋಗ್ರಾಮ್ ವಾಚ್‌ಮನ್‌ನಂತೆ ಕೂತು, ಬಂದ ಪ್ರತಿಯೊಂದು ಪ್ಯಾಕೆಟನ್ನೂ ನೋಡಿ ಒಳಗೆ ಬಿಡುತ್ತದೆ, ಇಲ್ಲವೇ ಬಂದ ದಾರಿಯಲ್ಲೇ ಹಿಂದೆ ಕಳಿಸುತ್ತದೆ, ಇಲ್ಲವೇ ಅಲ್ಲೇ ಬಿಸಾಡುತ್ತದೆ. ತೊಂದರೆ ಬರುವುದು ವಾಚ್‌ಮನ್ ಬದಲಾಗುವಾಗ. ಹಳೆಯ ಪ್ರೋಗ್ರಾಮ್ ತೆಗೆದು ಹೊಸದನ್ನು ಕೂರಿಸುವ ಕ್ಷಣದಲ್ಲಿ ಗೇಟು ಮುಚ್ಚಬೇಕು. ಆಗ ಬಂದ ಪ್ಯಾಕೆಟ್ ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯದೆ ಹೋಗಬಹುದು. “ಬಿಸಾಡಿದ್ದಕ್ಕೂ ಗುರುತು ಬೇಕು ಮಾರಾಯ್ತಿ, ಸುಮ್ಮನೆ ಇಲ್ಲದ ಹಾಗೆ ಆಗಬಾರದು” ಎಂದು ಇವರು ಹೇಳುತ್ತಿದ್ದರು. ಹಾಗೆಂದಾಗಲೆಲ್ಲ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ.

ಇವರ ವಯಸ್ಸಿನವರನ್ನು ಕಂಪನಿ ಒಬ್ಬೊಬ್ಬರನ್ನಾಗಿ ಮನೆಗೆ ಕಳಿಸುತ್ತಿದ್ದ ಕಾಲ ಅದು. ಆ ಮಧ್ಯಾಹ್ನದ ಮೀಟಿಂಗಿನಲ್ಲಿ, ಓಡಾಟ ನಡೆಯುತ್ತಿರುವಾಗಲೇ ಪ್ರೋಗ್ರಾಮ್ ಬದಲಿಸಿದರೂ ಒಂದು ಪ್ಯಾಕೆಟ್ ಕೂಡ ಹೆಚ್ಚುಕಮ್ಮಿಯಾಗುವುದಿಲ್ಲ ಎಂದು ಇವರು ತೋರಿಸಬೇಕಿತ್ತು. ತೋರಿಸದಿದ್ದರೆ ಮುಂದಿನ ಸರದಿ ಇವರದು.

ನನ್ನ ಮಾವ ವಿಲೆ ಪಾರ್ಲೆಯ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದವರು. ಬೋಣಿ ಒಳ್ಳೆಯ ಕೈಯಿಂದ ಆಗಬೇಕೆಂಬುದು ಅವರ ನಂಬಿಕೆ. ಮಗ ಎಷ್ಟು ಓದಿದರೂ ಅದನ್ನು ಬಿಡಲಿಲ್ಲ. ಮುಖ್ಯವಾದ ಪರೀಕ್ಷೆ ಇದ್ದರೆ ಮೊದಲ ಸಲ ಎಂಟರ್ ಒತ್ತುವುದು ನಾನೇ. ಪ್ಯಾಕೆಟ್‌ಗಳ ಗುರುತಿಗೆಂದು ಒಳಗೆ ತುಂಬುವ ಶಬ್ದವನ್ನು ಟೈಪ್ ಮಾಡುವುದೂ ನಾನೇ. ನಾನು ಆ ದಿನದ ತರಕಾರಿಯ ಹೆಸರು ಹಾಕುತ್ತಿದ್ದೆ. ಅವತ್ತು ಬಸಳೆ.

ಇವರು ವೈಫೈ ಆರಿಸಿದರು, ತಂತಿ ಕಿತ್ತರು. ನಡುವೆ ಬಿಲ್ಡಿಂಗಿನ ಗೇಟಿನಿಂದ ಕರೆ ಬಾರದಿರಲೆಂದು ಇಂಟರ್‌ಕಾಮಿನ ರಿಸೀವರನ್ನೂ ಎತ್ತಿ ಪಕ್ಕಕ್ಕಿಟ್ಟರು. ಒಂದು ಮಷಿನ್ ಕಳಿಸುವುದು, ಇನ್ನೊಂದು ಪಡೆಯುವುದು, ಎರಡೂ ಆ ಲ್ಯಾಪ್‌ಟಾಪಿನೊಳಗೆ. ಹೊರಗಿನಿಂದ ಏನೂ ಬರುವಂತಿರಲಿಲ್ಲ. ಕೈ ಒರೆಸಿಕೊಂಡು ನಾನು ಎಂಟರ್ ಒತ್ತಿದೆ.

“ಕಳಿಸಿದ್ದೆಲ್ಲ ಬಂದಿದೆ” ಎಂದರು ಇವರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಪರದೆಗೆ ಬಗ್ಗಿದರು. “ಒಂದು ಜಾಸ್ತಿ ಬಂದಿದೆಯಲ್ಲ. ಅದೂ ಗೇಟು ಮುಚ್ಚಿದ್ದಾಗ. ಇದೆಂಥ ಹೆಸರು ಹಾಕಿದ್ದು ನೀನು? ಯಾವ ತರಕಾರಿ ಇದು?”

ಸಾಲುಸಾಲು ಬಸಳೆಯ ನಡುವೆ, ಇಂಗ್ಲಿಷ್ ಅಕ್ಷರಗಳಲ್ಲಿ, ಇಂಚರ ಎಂದಿತ್ತು.

ಅದು ನನ್ನ ಮಗಳ ಹೆಸರು. ಇಪ್ಪತ್ತು ವರ್ಷಗಳ ಹಿಂದೆ, ಮದುವೆಯಾದ ಹೊಸತರಲ್ಲಿ ಹುಟ್ಟಿ, ಒಮ್ಮೆಯೂ ಅಳದೆ ಹೋದ ಮಗು. “ಉಸಿರಾಡದ್ದಕ್ಕೆ ಹೆಸರೆಂಥದಕ್ಕೆ?” ಎಂದಿದ್ದರು ಅತ್ತೆ. ಇವರು ನಾನಿದ್ದ ನರ್ಸಿಂಗ್ ಹೋಮಿನ ಕಿಟಕಿಯಲ್ಲಿ ನಿಂತು ಹೊರಗೆ ನೋಡುತ್ತಿದ್ದರು. ಆ ಮಂಚದ ಮೇಲೆ ನಾನು ಮನಸ್ಸಿನಲ್ಲೇ ಇಟ್ಟ ಹೆಸರು ಅದು. ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ, ಎಲ್ಲಿಯೂ ಬರೆದಿಲ್ಲ. ಆಮೇಲೆ ನಮಗೆ ಮಕ್ಕಳಾಗಲಿಲ್ಲ. ಆ ಮಗುವಿನ ಮಾತೂ ಈ ಮನೆಯಲ್ಲಿ ಬರಲಿಲ್ಲ.

ಇವರು ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿದರು. ಬರೀ ಬಸಳೆ ಬಂತು. ಆದರೆ ಮೊದಲನೆಯದನ್ನೂ ಮುಚ್ಚಿಡದೆ ತೋರಿಸಬೇಕೆಂಬುದು ನಿಯಮವಂತೆ. ಕಳೆದುಹೋದದ್ದಕ್ಕೆ ಕಾರಣ ಹುಡುಕಬಹುದು, ಯಾರೂ ಕಳಿಸದೆ ಬಂದದ್ದಕ್ಕೆ ಏನು ಹೇಳುವುದು? ಮಧ್ಯಾಹ್ನ ಮೀಟಿಂಗ್ ಶುರುವಾದಾಗ ನಾನು ಮೇಜಿನ ಆಚೆ ಕೂತು ಬಸಳೆಯ ದಂಟು ಮುರಿಯುತ್ತಿದ್ದೆ.

“ಯೇ ಇಂಚಾರಾ ಕ್ಯಾ ಹೈ ಭಾಯ್?” ಎಂದಿತು ಲ್ಯಾಪ್‌ಟಾಪಿನಿಂದ ಮ್ಯಾನೇಜರನ ದನಿ.

ಇವರು ನನ್ನತ್ತ ನೋಡಿದರು. ಕೇಳುವ ನೋಟವಲ್ಲ, ಬೇಡುವ ನೋಟ. ಆಗಲಿ ಎಂದು ನಾನು ತಲೆಯಾಡಿಸಿದೆ. “ಸಾರಿ ಸರ್, ವೈಫ್‌ನೇ ಗಲತೀಸೇ ಟೈಪ್ ಕಿಯಾ” ಎಂದರು, ತಪ್ಪನ್ನು ನನ್ನ ಬೆರಳಿಗೆ ಹಾಕಿ.

“ಭಾಭೀಜೀ ಕೋ ಬೋಲೋ, ಕಿಚನ್ ಸಂಭಾಲೇ.” ನಾನು ಅಡುಗೆಮನೆ ನೋಡಿಕೊಂಡರೆ ಸಾಕಂತೆ. ಅಲ್ಲಿದ್ದವರೆಲ್ಲ ನಕ್ಕರು. ಸ್ವಲ್ಪ ತಡವಾಗಿ, ಇವರೂ ನಕ್ಕರು.

ನನ್ನ ಮಗಳ ಹೆಸರನ್ನು ನನ್ನ ಕಿವಿಗೆ ಬೀಳುವಂತೆ ಮೊದಲ ಸಲ ಬಾಯಿಬಿಟ್ಟು ಕರೆದವನು ನಾನು ಮುಖ ಕಾಣದ ಒಬ್ಬ ಮನುಷ್ಯ, ಅದೂ ತಪ್ಪಾಗಿ. ಇವರ ಕೆಲಸ ಉಳಿಯಿತು. ಮೀಟಿಂಗ್ ಮುಗಿದ ಮೇಲೆ ಇವರು ಗೇಟಿನ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದರು: ಗುರುತಿಲ್ಲದ ಶಬ್ದ ಬಂದರೆ ಅಲ್ಲೇ ಬಿಸಾಡಬೇಕು. “ನೀನು ಟೈಪ್ ಮಾಡಿದ್ದಲ್ಲ ಅಲ್ವಾ?” ಎಂದು ಕೇಳುತ್ತಾರೇನೋ ಎಂದು ಕಾದೆ. ಸಾರಿಗೆ ಉಪ್ಪು ಕಮ್ಮಿ ಎಂದರು.

ಅದು ಎಲ್ಲಿಂದ ಬಂತೋ ನನಗೆ ಇವತ್ತಿಗೂ ತಿಳಿಯದು. ಮನಸ್ಸಿನಲ್ಲಿದ್ದದ್ದು ಅರಿವಿಲ್ಲದೆ ನನ್ನ ಬೆರಳಿಗೇ ಬಂತೇನೋ ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ಆ ಸಂಜೆ ಕೇಳಿದ ಮಾತೊಂದು ಇಲ್ಲದಿದ್ದರೆ ಅದನ್ನೇ ನಂಬಿಬಿಡುತ್ತಿದ್ದೆ.

ಸಂಜೆ ಎದುರುಮನೆಯ ವಿಜಯಪುರದ ಗಿರಿಜಕ್ಕ ಕೊತ್ತಂಬರಿ ಕೇಳಲು ಬಂದರು. ಹೊರಟವರು ಚಪ್ಪಲಿ ಮೆಟ್ಟುತ್ತ ನಿಂತರು.

“ನಿಮ್ಮ ಇಂಟರ್‌ಕಾಮ್ ಕೆಟ್ಟೈತೇನ್ರಿ ಅಕ್ಕಾರ? ಮುಂಜಾನೆ ಡ್ಯೂಟಿ ಬದಲಿ ಆಗೂ ಹೊತ್ತಿನ್ಯಾಗ ವಾಚ್‌ಮನ್ ನನಗ ಫೋನ್ ಹಚ್ಚಿದ್ದ. ಯಾವುದೋ ಕಾಲೇಜ್ ಹುಡುಗಿ ಬಂದೈತಿ, ನಿಮ್ಮ ಮನೀಗೆ ಹೋಗಬೇಕಂತೈತಿ, ಹೆಸರು ಇಂಚರ ಅಂತ, ಬಿಡ್ಲೇನು ಅಂದ. ಅಂಥಾ ಹೆಸರಿನವ್ರು ಅವರ ಪೈಕಿ ಯಾರೂ ಇಲ್ಲಪಾ, ವಾಪಸ್ ಕಳಸು ಅಂದೆ. ಯಾರ್‍ಯಾರನ್ನೋ ಒಳಗ ಬಿಡಾಕ ಬರ್ತೈತೇನ್ರಿ?”