ಕೆಟ್ಟ ತುಂಡು ಯಾವುದು?
ಕಿಟ್ವೆ ಊರಿನ ನೀರು ಸರಬರಾಜು ಕೇಂದ್ರದಲ್ಲಿ, ದೊಡ್ಡ ಕೊಳವೆಗಳ ವಾಲ್ವು ತೆರೆದು ಮುಚ್ಚುವ ಯಂತ್ರ ನಿಂತಿತೆಂದರೆ ಮೇಲ್ವಿಚಾರಕಿ ಲುಂಗು ಮೊದಲು ಕೂಗುವುದು ಹಳೆಯ ಮೆಕ್ಯಾನಿಕ್ ಬಶಿಮುತಾಲೆಯವರನ್ನು, ಅಂದರೆ ಮುತಾಲೆಯ ಅಪ್ಪನನ್ನು. "ಇಡೀದನ್ನ ಬೈಬೇಡ್ರೋ, ಕೆಟ್ಟ ತುಂಡು ಯಾವ್ದು ನೋಡ್ರಿ," ಎನ್ನುತ್ತಲೇ ಅವರು ಏಣಿ ಹಿಡಿದು ವಾಲ್ವಿನ ಗುಂಡಿಗಿಳಿಯುತ್ತಾರೆ. ಮೋಟಾರು ಬೇರೆ, ಗೇರು ಪೆಟ್ಟಿಗೆ ಬೇರೆ, ಸ್ವಿಚ್ಚಿನ ಡಬ್ಬಿ ಬೇರೆ. ಕೆಟ್ಟದ್ದೊಂದನ್ನು ಕಳಚಿ ಹೊಸದನ್ನು ಕೂರಿಸಿದರೆ ಊಟದ ಹೊತ್ತಿಗೆ ಊರಿಗೆ ನೀರು. ಬಿಡಿಬಿಡಿಯಾಗಿ ನೋಡುವ ಈ ಹುಚ್ಚು ಅವರಿಗೆ ಎಲ್ಲದರಲ್ಲೂ ಇದೆ. ಅವರ ಕೊಡೆಯ ಬಟ್ಟೆ, ಕಡ್ಡಿ, ಹಿಡಿ ಮೂರೂ ಬೇರೆ ಬೇರೆ ಕೊಡೆಗಳವು. ನ್ಶಿಮಾ ಮುದ್ದೆ ತಳ ಹಿಡಿದರೆ, "ತಳ ತಾನೇ ಸೀದದ್ದು, ಮೇಲಿಂದು ಬಡಿಸು," ಎನ್ನುತ್ತಾರೆ. "ಈ ನಾಲಿಗೆಗೂ ಬಿಡಿಭಾಗ ಸಿಗುತ್ತಾ, ಮುತಾಲೆ ಅಪ್ಪಾ?" ಎಂದು ಹೆಂಡತಿ ಕುಟುಕುತ್ತಾಳೆ. ಈ ಮಳೆಗಾಲದಲ್ಲಿ ಗುಂಡಿಯ ಏಣಿಯಿಂದ ಜಾರಿ ಅವರ ಮೊಣಕಾಲು ಮುರಿಯಿತು. ಗುಂಡಿಗಿಳಿಯಲಾಗದವರಿಗೆ ಕೆಲಸವಿಲ್ಲವೆಂದು ಹೇಳುವ ಹೊಣೆ ಲುಂಗುವಿನ ಪಾಲಿಗೆ ಬಂತು. "ಇನ್ನು ಮನೇಲಿರಿ, ಅಪ್ಪಾಜಿ," ಎಂದಾಗ ಯಾವಾಗಲೂ ನಗುವ ಅವರು ಅಂದು ನಗಲಿಲ್ಲ. "ಕೆಟ್ಟಿರೋದು ಒಂದು ಮೊಣಕಾಲು, ತಾಯಿ. ಅದಕ್ಕೆ ಇಡೀ ಮನುಷ್ಯನ್ನ ಎಸೀತೀರಾ?" ಲುಂಗು ಅವತ್ತೇ ಕೆಲಸಗಾರರನ್ನು ಕರೆದು, ಇನ್ನು ಕೆಟ್ಟ ತುಂಡನ್ನು ಮೇಲಕ್ಕೆ ತಂದು ಅವರ ಮುಂದಿಡಿ ಎಂದಳು. ಮರುದಿನ ಬೇರೆಯವರು ಗುಂಡಿಗಿಳಿದು, ಕೆಟ್ಟ ಮೋಟಾರನ್ನು ಕಳಚಿ ಹೊತ್ತು ತಂದು, ಮಾವಿನ ನೆರಳಲ್ಲಿ ಕುರ್ಚಿ ಹಾಕಿ ಕೂರಿಸಿದ್ದ ಅವರ ಮುಂದಿಟ್ಟರು. ಅವರು ಕಣ್ಣುಮುಚ್ಚಿ ದೇವರಿಗೆ ಏನನ್ನೋ ಹೇಳಿಕೊಂಡರು. ಆಮೇಲೆ, "ಸ್ಪ್ಯಾನರ್ ಯಾರಪ್ಪ ತರ್ತಾರೆ, ಚರ್ಚಿನ ಬಿಷಪ್ಪೇ ಬರ್ಬೇಕಾ?" ಎಂದು ಸುತ್ತ ನಿಂತವರನ್ನು ಗದರಿದರು.