ಪಿತೃಪಕ್ಷದಲ್ಲಿ ಗೊತ್ತು ಮಾಡಿದ ಹೆರಿಗೆ

ಕಳೆದ ವರ್ಷ ಚೌತಿ ಮುಗಿದು ಒಂದು ವಾರವಾಗಿತ್ತು. ನಾನು ಚೊಚ್ಚಲ ಬಸುರಿ, ಮೂವತ್ತೈದು ವಾರ ತುಂಬಿತ್ತು. ಏಳನೇ ತಿಂಗಳಿಗೇ ತವರಿಗೆ ಹೋಗಬೇಕಾದವಳು ಹೊಲಿಗೆ ಕೆಲಸ ಬಿಟ್ಟು ಏಳಲಾಗದೆ ಗಂಡನ ಮನೆಯಲ್ಲೇ ಉಳಿದಿದ್ದೆ. ಕರ್ಕಿಯ ನಮ್ಮ ಮನೆಯ ಜಗಲಿಯಲ್ಲೇ ನನ್ನ ಮಿಷನ್. ಚೌತಿಗೆ ಬ್ಲೌಸ್ ಕೊಡುತ್ತೇನೆಂದು ಒಪ್ಪಿಕೊಂಡು ತಪ್ಪಿಸಿದರೆ ಮುಂದಿನ ಚೌತಿಗೆ ಯಾರೂ ನನ್ನ ಹತ್ತಿರ ಬರುವುದಿಲ್ಲ.

ಆ ದಿನಗಳಲ್ಲಿ ನನಗೊಂದು ತುರಿಕೆ ಶುರುವಾಗಿತ್ತು. ಅಂಗೈ, ಅಂಗಾಲು. ಒಂದು ಗುಳ್ಳೆಯಿಲ್ಲ, ಕೆಂಪಿಲ್ಲ, ಆದರೆ ಕಿತ್ತುಕೊಳ್ಳುವಷ್ಟು ತುರಿಕೆ. ಮಿಷನ್ನಿನ ಕಬ್ಬಿಣದ ಪೆಡಲಿಗೆ ಪಾದ ಉಜ್ಜಿ ಉಜ್ಜಿ ಚರ್ಮ ಸುಲಿದಿತ್ತು. ಅತ್ತೆ ಉಷ್ಣ ಎಂದರು. ಪಕ್ಕದ ಮನೆಯವರು ಒಣಮೀನು ತಿಂದದ್ದಕ್ಕೆ ಎಂದರು. ತೆಂಗಿನೆಣ್ಣೆ ಹಚ್ಚಿಕೊಂಡು ನಾನೂ ಸುಮ್ಮನಾದೆ. ಬಸುರಿನಲ್ಲಿ ಒಂದಲ್ಲ ಒಂದು ಇದ್ದೇ ಇರುತ್ತದಲ್ಲ!

ತವರು ಮಿರ್ಜಾನಕ್ಕೆ ಹೊರಟ ದಿನ, ಹೊಂಡ ಬಿದ್ದ ರಸ್ತೆಯಲ್ಲಿ ಬೈಕು ಬೇಡವೆಂದು ನಮ್ಮನೆಯವರು ನನ್ನನ್ನು ಭಟ್ಕಳದಿಂದ ಕುಮಟೆಗೆ ಹೋಗುವ ಬಸ್ಸಿಗೆ ಹತ್ತಿಸಿದರು. ತಾವು ಬ್ಯಾಗು ಕಟ್ಟಿಕೊಂಡು ಬೈಕಿನಲ್ಲಿ ಬಂದರು. ಕುಮಟೆಯಲ್ಲಿ ಇಳಿದು ಮಿರ್ಜಾನದ ಬಸ್ಸು ಹಿಡಿಯುವುದೆಂದು ನಮ್ಮ ಲೆಕ್ಕ.

ಬಸ್ಸಿನಲ್ಲಿ ಬುರ್ಖಾ ತೊಟ್ಟ, ಐವತ್ತರ ಹತ್ತಿರದ ಒಬ್ಬ ಹೆಂಗಸು ಸರಿದು ಕಿಟಕಿಯ ಪಕ್ಕ ನನಗೆ ಜಾಗ ಕೊಟ್ಟರು. ಅವರ ತೊಡೆಯ ಮೇಲೆ ಮದುವೆ ಕಾಗದಗಳ ಕಟ್ಟು ಇತ್ತು. ಭಟ್ಕಳದವರಂತೆ. ಕುಮಟೆಯ ನೆಂಟರಿಗೆಲ್ಲ ಕಾಗದ ಕೊಡಲು ಹೊರಟಿದ್ದರು. ಕೂತ ಸ್ವಲ್ಪ ಹೊತ್ತಿಗೇ ನಾನು ಚಪ್ಪಲಿ ಬಿಚ್ಚಿ ಸೀಟಿನ ಕಾಲಿಗೆ ಪಾದ ಉಜ್ಜತೊಡಗಿದೆ. ಅವರು ಬಗ್ಗಿ ನೋಡಿದರು.

"ಎಂತ ಆತು ತಂಗಿ? ಕಾಲು ತುರಿಸ್ತದಾ?"

"ಹೌದಕ್ಕ. ಉಷ್ಣ ಆಗಿದೆ."

"ಕೈಯೂ ತುರಿಸ್ತದಾ? ಮಲಗಿದ್ಮೇಲೆ ಜಾಸ್ತಿಯಾ?"

ಹೌದೆಂದೆ. ಅವರು ನನ್ನ ಅಂಗೈ ಹಿಡಿದು, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು. "ಗುಳ್ಳೆ ಇಲ್ಲ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಬಸ್ಸು ಹಳದೀಪುರ ದಾಟಿದ ಮೇಲೆ ಮತ್ತೆ ನನ್ನ ಕಡೆ ತಿರುಗಿದರು.

"ಹೆದರಿಸ್ತೇನೆ ಅಂತ ತಿಳ್ಕೊಬೇಡ. ನಂಗೂ ಹೀಗೇ ಆಗಿತ್ತು, ಎರಡನೇ ಮಗುವಿಗೆ. ಎಲ್ರೂ ಉಷ್ಣ ಅಂದ್ರು, ನಾನೂ ಉಷ್ಣ ಅಂದೆ. ಒಂಬತ್ತು ತಿಂಗಳು ತುಂಬ್ಲಿಕ್ಕೆ ಒಂದು ವಾರ ಇತ್ತು. ಹಿಂದಿನ ಸಂಜೆ ತನಕ ಚೆನ್ನಾಗಿ ಒದೀತಿತ್ತು. ಬೆಳಿಗ್ಗೆ ಎದ್ದೆ, ಅಲ್ಲಾಡ್ಲೇ ಇಲ್ಲ. ಎಲ್ಲಾ ಮುಗಿದ್ಮೇಲೆ ಡಾಕ್ಟ್ರು ಕೇಳಿದ್ರು, ಕೈಕಾಲು ತುರಿಸ್ತಿತ್ತಾ ಅಂತ."

ನಾನು ಹೊಟ್ಟೆಯ ಮೇಲೆ ಕೈಯಿಟ್ಟು ಮಗು ಒದೆಯುತ್ತದಾ ಎಂದು ನೋಡಿದೆ. ಅವರ ಹೆಸರು ಜುಲೇಖಾ ಎಂದು ತಿಳಿದದ್ದು ಆಮೇಲೆ.

ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿ ನಮ್ಮನೆಯವರು ಕಾಯುತ್ತಿದ್ದರು. ಜುಲೇಖಾ ಅಕ್ಕ ನನ್ನ ಜೊತೆಗೇ ಇಳಿದು ನೇರ ಅವರ ಹತ್ತಿರ ಹೋದರು.

"ತಮ್ಮ, ಇವಳನ್ನ ಮನೆಗೆ ಅಲ್ಲ, ಆಸ್ಪತ್ರೆಗೆ ಕರ್ಕೊಂಡು ಹೋಗು."

ನಮ್ಮನೆಯವರು ನನ್ನ ಮುಖ ನೋಡಿದರು. "ಸೋಮವಾರ ಹೇಗೂ ಚೆಕಪ್ ಇತ್ತಲ್ಲ..."

"ಸೋಮವಾರ ಬೇಡ. ಈಗ. ರಿಕ್ಷಾ ಕರಿ."

ಗುರುತು ಪರಿಚಯವಿಲ್ಲದ ಹೆಂಗಸು ಹೀಗೆ ಗದರಿದ್ದು ಕೇಳಿ ಅವರು ಬೈಕು ಅಲ್ಲೇ ಬಿಟ್ಟು ರಿಕ್ಷಾ ಕರೆದರು. ಅಕ್ಕನೂ ಹತ್ತಿದರು. ಆಸ್ಪತ್ರೆಯಲ್ಲಿ ಸಿಸ್ಟರಿಗೆ ಅವರೇ ಎಲ್ಲ ಬಿಡಿಸಿ ಹೇಳಿದರು. ರಕ್ತ ಕೊಟ್ಟು, ಮಗುವಿನ ಎದೆಬಡಿತ ನೋಡಿಸಿ, ಡಾಕ್ಟರು ಬಂದು ಪರೀಕ್ಷೆ ಮಾಡುವ ತನಕ ಮದುವೆ ಕಾಗದದ ಕಟ್ಟು ಹಿಡಿದುಕೊಂಡು ಬೆಂಚಿನ ಮೇಲೆ ಕೂತೇ ಇದ್ದರು. ಹೊರಡುವಾಗ ನನ್ನ ಫೋನು ತೆಗೆದುಕೊಂಡು ತಮ್ಮ ನಂಬರು ಒತ್ತಿಕೊಟ್ಟರು. ಗಡಿಬಿಡಿಯಲ್ಲಿ ನಾನು ಅದನ್ನು "ಬಸ್ಸಿನ ಅಕ್ಕ" ಎಂದು ಸೇವ್ ಮಾಡಿದೆ. ಇವತ್ತಿಗೂ ಹಾಗೇ ಇದೆ.

ಅದೇ ದಿನದ ರಿಪೋರ್ಟಿನಲ್ಲಿ ಲಿವರಿನ ಅಂಕಿಗಳು ಹೆಚ್ಚು ಬಂದವು. ಇನ್ನೊಂದು ಪರೀಕ್ಷೆಗೆಂದು ರಕ್ತ ಮಂಗಳೂರಿಗೆ ಹೋಯಿತು. ಮೂರು ದಿನ ಬಿಟ್ಟು ಅದು ಬಂದಾಗ ಡಾಕ್ಟರಮ್ಮ ನಮ್ಮನ್ನು ಕೂರಿಸಿ ವಿವರಿಸಿದರು. ಪಿತ್ತದ ಅಂಶ ರಕ್ತದಲ್ಲಿ ಸೇರಿದೆ, ಬಸುರಿನಲ್ಲಿ ಕೆಲವರಿಗೆ ಹೀಗಾಗುತ್ತದೆ, ತಾಯಿಗೆ ತುರಿಕೆ, ಆದರೆ ಹೆಚ್ಚಾದರೆ ಮಗುವಿಗೆ ಅಪಾಯ. ಮಾತ್ರೆ ಕೊಡುತ್ತೇನೆ, ವಾರಕ್ಕೆ ಎರಡು ಸಲ ಬನ್ನಿ. ಮೂವತ್ತೇಳು ವಾರ ತುಂಬಿದ ಕೂಡಲೇ ನಾವೇ ನೋವು ಬರಿಸಿ ಹೆರಿಗೆ ಮಾಡಿಸೋಣ.

ಕ್ಯಾಲೆಂಡರು ನೋಡಿ ದಿನವನ್ನೂ ಹೇಳಿದರು. ಆ ದಿನ ಪಿತೃಪಕ್ಷದೊಳಗೆ ಬಿದ್ದಿತ್ತು.

ನನ್ನ ಅಮ್ಮನಿಗೆ ನಾಲ್ಕು ಹೆರಿಗೆ. ಎರಡು ಮಿರ್ಜಾನದ ಮನೆಯಲ್ಲೇ ಆದದ್ದು. ಪಿತ್ತ ಎಂಬ ಮಾತು ಕೇಳಿದ್ದೇ ಅವಳು, "ಪಿತ್ತ ಅಂದ್ರೆ ಕೊತ್ತಂಬ್ರಿ ಕಷಾಯಕ್ಕೆ ಇಳೀತದೆ. ಅದಕ್ಕೆ ಮಗು ಎಂತಕ್ಕೆ ಹೊರಗೆ ತೆಗೀಬೇಕು?" ಎಂದಳು. ದಿನದ ಸುದ್ದಿ ಕೇಳಿದ ಮೇಲಂತೂ ಕಷಾಯದ ಮಾತೂ ನಿಂತಿತು. "ತಾನಾಗೇ ಪಕ್ಷದಲ್ಲಿ ಹುಟ್ಟಿದ್ರೆ ಅದು ದೇವರಿಚ್ಛೆ. ನಾವೇ ದಿನ ನೋಡಿ ಪಕ್ಷದಲ್ಲಿ ಹೆರಿಗೆ ಮಾಡ್ಸೂದಾ? ಊರಲ್ಲಿ ಯಾರಾದ್ರೂ ಮಾಡಿದ್ದಾರನಾ?"

ನಿಜ ಹೇಳಬೇಕೆಂದರೆ ನನ್ನ ಮನಸ್ಸೂ ಅಮ್ಮನ ಕಡೆಗೇ ಇತ್ತು. ಪಕ್ಷಕ್ಕಾಗಿ ಅಲ್ಲ. ಹೆರಿಗೆ ಎಂದರೆ ನನ್ನ ಮನಸ್ಸಿನಲ್ಲಿ ಬೇರೆಯೇ ಒಂದು ಚಿತ್ರ ಇತ್ತು. ಏನೋ ಕೆಲಸ ಮಾಡುತ್ತಿರುವಾಗ ಸೊಂಟ ಹಿಡಿದುಕೊಳ್ಳಬೇಕು, ಅಮ್ಮಾ ನೋವು ಬಂತು ಎಂದು ನಾನು ಕೂಗಬೇಕು, ಮನೆಯವರೆಲ್ಲ ಓಡಾಡಬೇಕು. ಈಗ ನೋಡಿದರೆ ಬ್ಯಾಂಕಿಗೆ ಹೋದಂತೆ ಹೊತ್ತು ನೋಡಿಕೊಂಡು, ಫೈಲು ಹಿಡಿದುಕೊಂಡು ಹೋಗಬೇಕು. ಮಾತ್ರೆಯಿಂದ ತುರಿಕೆಯೂ ಸ್ವಲ್ಪ ಇಳಿದಿತ್ತು. ಹೊಟ್ಟೆಯೊಳಗೆ ಮಗು ಸುಖವಾಗಿ ಹೊರಳಾಡುತ್ತಿತ್ತು. ಇನ್ನೂ ಮೂರು ವಾರ ಬೆಚ್ಚಗೆ ಇರಬೇಕಾದದ್ದನ್ನು ನಾನೇ ಎಬ್ಬಿಸಿ ಎಳೆಯುತ್ತಿದ್ದೇನೆ ಎನಿಸಿ ಬಚ್ಚಲಲ್ಲಿ ಕೂತು ಅತ್ತಿದ್ದೇನೆ.

ಮುಂದಿನ ಚೆಕಪ್ಪಿಗೆ ಅಮ್ಮನೂ ಬಂದಳು. "ಅಮಾವಾಸ್ಯೆ ಕಳೀಲಿ ಡಾಕ್ಟ್ರೇ. ಐದೇ ಐದು ದಿನ. ಕೈಮುಗೀತೆ" ಎಂದಳು.

ಡಾಕ್ಟರಮ್ಮ ಬೈಯಲಿಲ್ಲ. "ಅಮ್ಮಾ, ಬಿಪಿ ಆದ್ರೆ ತಲೆನೋವು, ಊತ ಏನಾದ್ರೂ ಗೊತ್ತಾಗ್ತದೆ. ಇದು ಹಾಗಲ್ಲ. ಇವತ್ತು ಎಲ್ಲಾ ಸರಿ ಇರ್ತದೆ, ನಾಳೆ ಇರೂದಿಲ್ಲ. ಎಲ್ಲರಿಗೂ ಹಾಗಾಗೂದಿಲ್ಲ, ಹೆಚ್ಚಿನವರಿಗೆ ಏನೂ ಆಗೂದಿಲ್ಲ. ಆದ್ರೆ ನಿಮ್ಮ ಮಗಳು ಯಾವ ಕಡೆ ಅಂತ ನನಗೆ ಮೊದಲೇ ಹೇಳ್ಲಿಕ್ಕೆ ಬರೂದಿಲ್ಲ. ಮನೆಗೆ ಹೋಗಿ ಯೋಚನೆ ಮಾಡಿ" ಎಂದರು.

ಆ ದಿನ ಮಧ್ಯಾಹ್ನ ನಾನು ಬಸ್ಸಿನ ಅಕ್ಕನಿಗೆ ಫೋನ್ ಮಾಡಿದೆ. ಅವರು ಹೇಳಿದರೆ ಧೈರ್ಯ ಬರುತ್ತದೆ ಎಂಬ ಆಸೆ. ಎಲ್ಲ ಕೇಳಿಸಿಕೊಂಡು ಅವರು, "ಮಾಡ್ಸು ಅಂತ ನಾನು ಹೇಳೂದಿಲ್ಲ ತಂಗಿ. ನಾನು ಡಾಕ್ಟ್ರಲ್ಲ. ನಿನ್ನ ತಾಯಿ ಹೇಳೂದೂ ನಿನ್ನ ಒಳ್ಳೇದಕ್ಕೇ" ಎಂದರು. ಫೋನಿಡುವ ಮೊದಲು, "ನಂಗೆ ಯಾರಾದ್ರೂ ಹೀಗೆ ಒಂದು ದಿನ ಹೇಳಿದ್ರೆ ಯಾವ ದಿನ ಅಂತ ಕೇಳ್ತಿರ್ಲಿಲ್ಲ" ಎಂದರು.

ಅಷ್ಟೇ. ನಾನು ಫೋನಿಟ್ಟು ಅಡುಗೆಮನೆಗೆ ಹೋಗಿ, "ಅಮ್ಮ, ನಾನು ಡಾಕ್ಟ್ರು ಹೇಳಿದ ದಿನವೇ ಹೋಗ್ತೆ" ಎಂದೆ. ಅವಳು ಮೀನು ಹೆಚ್ಚುತ್ತಿದ್ದಳು, ತಲೆಯೆತ್ತಲಿಲ್ಲ. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ನೋಡಿದರೆ ತನ್ನ ಹಳೆಯ ಸೀರೆಗಳನ್ನು ಒಗೆದು, ಮಗುವಿಗೆ ಸುತ್ತಲು ತುಂಡು ಮಾಡಿ ಮಡಿಚುತ್ತಿದ್ದಳು.

ಗೊತ್ತಾದ ದಿನ ಬೆಳಿಗ್ಗೆ ಅಡ್ಮಿಟ್ ಆದೆ. ಅಮ್ಮ ಜೊತೆಗೆ ಬಂದಳು, ನಮ್ಮನೆಯವರು ಹೊನ್ನಾವರದ ಗ್ಯಾರೇಜಿಗೆ ರಜೆ ಹಾಕಿ ಬಂದರು. ನೋವು ಬರಿಸುವ ಔಷಧಿ ಇಟ್ಟು, ಓಡಾಡುತ್ತಿರು ಎಂದರು ಸಿಸ್ಟರು. ಓಡಾಡಿದೆ. ವರಾಂಡದ ಈ ತುದಿಯಿಂದ ಆ ತುದಿಗೆ ಎಷ್ಟು ಸಲವೋ. ಸಂಜೆಯಾದರೂ ಏನೂ ಇಲ್ಲ. ಮಧ್ಯಾಹ್ನ ನೋವು ತಿನ್ನುತ್ತಾ ಬಂದ ಒಬ್ಬಳು ಕತ್ತಲಾಗುವ ಮೊದಲೇ ಹೆತ್ತು ಮಗುವಿನ ಜೊತೆ ವಾರ್ಡಿಗೆ ಬಂದಳು. ಅವಳನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು ಎಂದು ಬರೆಯಲು ನಾಚಿಕೆಯಿಲ್ಲ. ಬಾಗಿಲು ತೆರೆಯದ ಮನೆಯ ಮುಂದೆ ನಿಂತು ಬಡಿಯುತ್ತಿದ್ದೇವೇನೋ ಎನಿಸುತ್ತಿತ್ತು.

"ಅದಕ್ಕೆ ಬರಲಿಕ್ಕೆ ಮನಸ್ಸಿಲ್ಲ" ಎಂದಳು ಅಮ್ಮ. ಸಿಟ್ಟಿನಿಂದಲ್ಲ, ಮೊಮ್ಮಗುವಿನ ಪರವಾಗಿ ಹೇಳಿದಂತೆ.

ಮರುದಿನ ಬೆಳಿಗ್ಗೆ ಮತ್ತೆ ಔಷಧಿ ಇಟ್ಟರು, ಹನ್ನೊಂದರ ಹೊತ್ತಿಗೆ ಡ್ರಿಪ್ ಹಾಕಿದರು. ಆಮೇಲೆ ಬಂದ ನೋವು ಮೆಟ್ಟಿಲು ಹತ್ತಿಕೊಂಡು ಬರಲಿಲ್ಲ, ಒಮ್ಮೆಲೇ ಮೇಲೆ ಬಿತ್ತು. ಅಮ್ಮ ಬೆನ್ನು ಉಜ್ಜುತ್ತಿದ್ದಳು. ಬಾಯಲ್ಲಿ ಏನೋ ಹಾಡಿನ ಸಾಲು, ನಟ್ಟಿಗದ್ದೆಯಲ್ಲಿ ಸಸಿ ನೆಡುವಾಗ ಹೆಂಗಸರು ಹೇಳುವಂಥದ್ದು. ಹೆರಿಗೆಯ ಹಾಡೇನಲ್ಲ, ಅವಳಿಗೆ ಆ ಹೊತ್ತಿಗೆ ನೆನಪಾದದ್ದು ಅದು.

ಮೂರು ಗಂಟೆಯ ಮೇಲೆ ನೀರು ಒಡೆಯಿತು. ನೀರು ಹಸಿರಾಗಿತ್ತು. ಸಿಸ್ಟರು ಒಂದು ಕ್ಷಣ ಅದನ್ನು ನೋಡಿ, ಡಾಕ್ಟರಮ್ಮನನ್ನು ಕೂಗಿದ ದನಿಯಲ್ಲೇ ನನಗೆ ಅರ್ಥವಾಯಿತು. ಮಗು ಒಳಗೇ ಹೊಲಸು ಮಾಡಿಕೊಂಡಿತ್ತು. ಅಮ್ಮನನ್ನು ಹೊರಗೆ ಕಳಿಸಿದರು. ಹೊಟ್ಟೆಗೆ ಕಟ್ಟಿದ ಮಿಷನ್ನಿನಲ್ಲಿ ಟಕಟಕ ಎನ್ನುತ್ತಿದ್ದ ಮಗುವಿನ ಎದೆಬಡಿತ ಒಂದೊಂದು ನೋವಿಗೂ ನಿಧಾನವಾಗುತ್ತಿತ್ತು, ಮತ್ತೆ ಏಳುತ್ತಿತ್ತು. ನನಗೆ ಆಗ ಪಕ್ಷ, ವಾರ, ದಿನ ಒಂದೂ ಬೇಡವಾಗಿತ್ತು. ಅದು ಮತ್ತೆ ಏಳಲಿ, ಅಷ್ಟೇ. "ಇನ್ನೊಂದೇ ಸಲ, ಗಟ್ಟಿಯಾಗಿ" ಎಂದರು ಡಾಕ್ಟರಮ್ಮ. ಎಲ್ಲಿಂದ ಶಕ್ತಿ ಬಂತೋ ಗೊತ್ತಿಲ್ಲ.

ಹೆಣ್ಣು ಮಗು, ಎರಡೂಕಾಲು ಕೇಜಿ. ಹುಟ್ಟಿದ ಕೂಡಲೇ ಅಳಲಿಲ್ಲ. ಮಗುವನ್ನಿಟ್ಟ ಮೇಜಿನ ಸುತ್ತ ಬಗ್ಗಿದ ಬೆನ್ನುಗಳು ಮಾತ್ರ ನನಗೆ ಕಾಣುತ್ತಿದ್ದವು. ಎಷ್ಟು ಹೊತ್ತೋ. ಆಮೇಲೆ ಒಂದು ಸಣ್ಣ ಕೂಗು, ಬೆಕ್ಕಿನ ಮರಿಯಂತೆ.

ಒಂದು ದಿನ ಅವಳನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ನೋಡಿಕೊಂಡರು. ನನಗೆ ಕೊಟ್ಟಾಗ ಕೈಕಾಲು ಕಡ್ಡಿಯಂತಿದ್ದವು, ಹಾಲು ಎಳೆಯುತ್ತಾ ಎಳೆಯುತ್ತಾ ನಿದ್ದೆ ಹೋಗುತ್ತಿದ್ದಳು. ಅವಸರ ಮಾಡಿಬಿಟ್ಟೆನಾ ಎಂಬ ಸಂಕಟ ಮತ್ತೆ ಎದ್ದಿತು. ಡಾಕ್ಟರಮ್ಮನನ್ನು ಕೇಳಿಯೂ ಕೇಳಿದೆ. "ಕಾದಿದ್ರೆ ಏನಾಗ್ತಿತ್ತು ಅಂತ ಯಾರಿಗೂ ಹೇಳ್ಲಿಕ್ಕಾಗೂದಿಲ್ಲ. ಈಗ ಮಗು ನಿನ್ನ ಕೈಯಲ್ಲಿ ಉಂಟಲ್ಲ, ಹಾಲು ಕುಡಿಸು" ಎಂದರು.

ಮೂರನೇ ದಿನ ಬೆಳಿಗ್ಗೆ ಜುಲೇಖಾ ಅಕ್ಕನಿಗೆ ಫೋನ್ ಮಾಡಿದೆ. ಹೆಣ್ಣು ಮಗು ಎಂದೆ, ತೂಕ ಹೇಳಿದೆ, ತುರಿಕೆ ಪೂರ್ತಿ ಹೋಯಿತು ಎಂದೆ. ಅವರು ಅದಾವುದಕ್ಕೂ ಉತ್ತರ ಕೊಡಲಿಲ್ಲ.

"ಅತ್ತಿತಾ?" ಎಂದರು.

"ಸ್ವಲ್ಪ ತಡ ಆತು ಅಕ್ಕ. ಆದ್ರೆ ಅತ್ತಿತು."

"ಒಮ್ಮೆ ಕೇಳಿಸ್ತೀಯಾ?" ಎಂದವರು ತಕ್ಷಣ, "ಬೇಡ ಬೇಡ, ಮಲಗಿದ್ರೆ ಬೇಡ" ಎಂದರು.

ಮಗು ಅಮ್ಮನ ಮಡಿಲಲ್ಲಿ ಗಾಢ ನಿದ್ದೆಯಲ್ಲಿತ್ತು. ಫೋನಿನ ದನಿ ಅಮ್ಮನಿಗೂ ಕೇಳಿಸುತ್ತಿತ್ತು. ಅಕ್ಕ ಕಳೆದುಕೊಂಡ ಮಗುವಿನ ಸಂಗತಿ ಅವಳಿಗೂ ಗೊತ್ತಿತ್ತು. ಹಿಂದಿನ ದಿನ ಸಿಸ್ಟರು ಹಾಲಿಗೆಂದು ಮಗುವನ್ನು ಎಬ್ಬಿಸಲು ಬಂದಾಗ ಜಗಳಕ್ಕೇ ಹೋಗಿದ್ದವಳು ಅವಳು. ನನ್ನನ್ನೊಮ್ಮೆ ನೋಡಿದಳು. ಆಮೇಲೆ ಮಗುವಿಗೆ ಸುತ್ತಿದ್ದ ಸೀರೆತುಂಡನ್ನು ಒಂದೊಂದೇ ಸುತ್ತು ಬಿಚ್ಚಿದಳು. ಗಾಳಿ ತಾಗಿದ್ದೇ ಮಗು ಮುಖ ಕಿವುಚಿ, ಮೈಯೆಲ್ಲ ಕೆಂಪಾಗಿ, ವಾರ್ಡಿಗೆಲ್ಲ ಕೇಳುವಂತೆ ಅಳತೊಡಗಿತು. ಅಮ್ಮ ನನ್ನ ಕೈಯಿಂದ ಫೋನು ತೆಗೆದುಕೊಂಡು ಮಗುವಿನ ಬಾಯಿಯ ಹತ್ತಿರ ಹಿಡಿದಳು.

ಆ ಕಡೆಯಿಂದ ಸದ್ದೇ ಇಲ್ಲ. ಫೋನು ಕಟ್ ಆಯಿತೇನೋ ಎಂದುಕೊಂಡೆ. ಬಹಳ ಹೊತ್ತಿನ ಮೇಲೆ, "ಆತು, ಸಾಕು ಸಾಕು. ಪಾಪ, ಅಳಿಸಬೇಡಿ. ಹೊದೆಸಿ ಅದಕ್ಕೆ" ಎಂಬ ದನಿ ಕೇಳಿತು.

ಅಮ್ಮ ಫೋನು ತನ್ನ ಕಿವಿಗೆ ಇಟ್ಟುಕೊಂಡಳು. "ನಿಮ್ಮ ಮೊಮ್ಮಗಳೇ ಇದು. ನೋಡ್ಲಿಕ್ಕೆ ಬನ್ನಿ" ಎಂದಳು. ಹೇಳುತ್ತಲೇ ಇನ್ನೊಂದು ಕೈಯಲ್ಲಿ ಮಗುವಿಗೆ ಸೀರೆತುಂಡು ಹೊದೆಸಿದಳು.

ಮಗಳಿಗೆ ಈಗ ವರ್ಷ ತುಂಬುತ್ತಾ ಬಂತು, ಗೋಡೆ ಹಿಡಿದು ನಿಲ್ಲುತ್ತಾಳೆ. ಅವಳು ತಾನಾಗಿ ಬರುತ್ತಿದ್ದ ದಿನ ಯಾವುದಿತ್ತೋ ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ. ಆ ಸಣ್ಣ ನೋವು ಹೋಗಿಲ್ಲ, ಹೋಗುವುದೂ ಇಲ್ಲವೇನೋ. ಆದರೆ ಅವಳು ಹಟ ಹಿಡಿದು ಜೋರಾಗಿ ಅತ್ತಾಗ ನನಗೆ ಸಿಟ್ಟು ಬರುವುದಿಲ್ಲ. ತನ್ನ ಮಗುವಿನ ಅಳು ಕೇಳದ ಒಬ್ಬ ತಾಯಿ ಕೊಟ್ಟ ಅಳು ಇದು ಎಂದು ಎರಡು ಕ್ಷಣ ಸುಮ್ಮನೆ ನಿಂತು ಕೇಳುತ್ತೇನೆ. ಆಮೇಲೆ ಎತ್ತಿಕೊಳ್ಳುತ್ತೇನೆ.