ಗುಡುಗಕ್ಕ ಒಳ್ಳೇ ಮಾತು ಕಲಿತದ್ದು

ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಲಾಂಡ್ರಿಯಲ್ಲಿ ಗುಡುಗಕ್ಕ, ಮನೆಯಲ್ಲೂ ಗುಡುಗೇ. ಸಂಜೆ ಅವಳ ದನಿ ಮೊದಲು ಬೀದಿ ತಿರುವು ದಾಟಿ ಮನೆ ಸೇರುತ್ತಿತ್ತು, ಮೈ ಹಿಂದಿನಿಂದ ನಿಧಾನಕ್ಕೆ ಬರುತ್ತಿತ್ತು. "ಬಂತು ನಮ್ಮ ಗುಡುಗು, ಬಾಗಿಲು ತೆಗಿ" ಎಂದು ಅತ್ತೆ ಮಗನನ್ನು ಎಬ್ಬಿಸುತ್ತಿದ್ದರು. ಈ ಸೊಸೆ ಗುಟ್ಟು ಹೇಳಿದರೆ ಮೂರನೇ ಮನೆಯವರು ಹೂಂಗುಡುತ್ತಾರೆ ಎಂಬುದು ಅವರ ಖಾಯಂ ದೂರು.

ಅವಳದೇನು ತಪ್ಪು ಹೇಳಿ? ಮದುವೆಯಾದ ವರ್ಷದಿಂದ ಅವಳು ದುಡಿದದ್ದು ಆ ಲಾಂಡ್ರಿಯಲ್ಲಿ. ನಾಲ್ಕಾರು ಹೋಟೆಲುಗಳ, ಎರಡು ದೊಡ್ಡ ಆಸ್ಪತ್ರೆಗಳ ಹಾಸಿಗೆ ಬಟ್ಟೆಯೆಲ್ಲ ಅಲ್ಲಿಗೇ ಬರುತ್ತದೆ. ಒಂದು ಕಡೆ ಒಗೆಯುವ ಯಂತ್ರಗಳು ಗಡಗಡ, ಇನ್ನೊಂದು ಕಡೆ ಒಣಗಿಸುವ ಯಂತ್ರಗಳು ಭೋರ್ ಎಂದು ಸುತ್ತುತ್ತಿರುತ್ತವೆ. ಅಲ್ಲಿ ಮೆಲ್ಲಗೆ ಮಾತಾಡಿದವರು ಮಾತಾಡಿದ ಲೆಕ್ಕವೇ ಇಲ್ಲ. "ತೆಗಿ", "ಹಾಕು", "ಕೊಳೆ", "ಮತ್ತೆ ಒಗಿ" — ಇಷ್ಟರಲ್ಲಿ ಇಡೀ ದಿನ ಕಳೆಯುತ್ತದೆ.

ಹಾಗೆ ನೋಡಿದರೆ ಅವಳು ನಿಂತಿದ್ದ ರೋಲರ್ ಹತ್ತಿರ ಇಷ್ಟು ಮಾತೂ ಬೇಕಿರಲಿಲ್ಲ. ಇಸ್ತ್ರಿ ಮಾಡುವ ಆ ಬಿಸಿ ರೋಲರಿಗೆ ಒದ್ದೆ ಬೆಡ್‌ಶೀಟು ಕೊಡುವುದು ಇಬ್ಬರ ಕೆಲಸ. ಈ ತುದಿ ಒಬ್ಬಳು, ಆ ತುದಿ ಒಬ್ಬಳು. ಆ ತುದಿಯಲ್ಲಿ ಇದ್ದವಳು ಅವಳ ಗೆಳತಿ. ಕೈ ಅಷ್ಟು ಚುರುಕು, ಅದಕ್ಕೆ ಅವಳು ಮಿಂಚಕ್ಕ; ಗುಡುಗಿನ ಜೋಡಿ ಇನ್ನೇನಾದೀತು? ಬಟ್ಟೆಯನ್ನು ಒಂದು ಸಲ ಜಗ್ಗಿದರೆ "ನಿಧಾನ" ಎಂದರ್ಥ. ಎರಡು ಸಲ ಜಗ್ಗಿದರೆ "ಕಲೆ ಇದೆ, ನಿಲ್ಲಿಸು". ಗಂಡನ ಮೇಲೆ ಸಿಟ್ಟು ಬಂದ ದಿನ ಒಬ್ಬಳು ಜೋರಾಗಿ ಜಗ್ಗಿದರೆ ಇನ್ನೊಬ್ಬಳಿಗೆ ಅದೂ ತಿಳಿಯುತ್ತಿತ್ತು. ಹೀಗೆ ಬಟ್ಟೆಯ ಎರಡು ತುದಿ ಹಿಡಿದೇ ಇಬ್ಬರೂ ಮಕ್ಕಳನ್ನು ಹೆತ್ತು, ದೊಡ್ಡವರನ್ನಾಗಿ ಮಾಡಿ, ತಲೆ ನರೆಸಿಕೊಂಡಿದ್ದರು.

ಹಳೆಯ ಸೂಪರ್‌ವೈಸರು ಕೆಲಸ ಬಿಟ್ಟಾಗ ಯಜಮಾನರು ಗುಡುಗಕ್ಕನನ್ನು ಆ ಜಾಗಕ್ಕೆ ಹಾಕಿದರು. ಅಲ್ಲಿಂದ ಶುರುವಾಯಿತು ನೋಡಿ ಶನಿಕಾಟ. ರೋಲರಿನ ಹತ್ತಿರ "ಕೊಳೆ!" ಎಂದು ಕೂಗಿದರೆ ಅದು ಕೆಲಸದ ಮಾತು. ಸೂಪರ್‌ವೈಸರು ಕೂಗಿದರೆ ಅದು ಅವಮಾನ. ಒಗೆಯುವ ವಿಭಾಗದಲ್ಲಿ ಒಬ್ಬ ಮುನಿಸಿಕೊಂಡು ಹೋದ. ಮಡಚುವ ಮೇಜಿನಲ್ಲಿ ಒಬ್ಬಳು ಅತ್ತುಕೊಂಡು ಹೋದಳು. ಇಬ್ಬರೂ ಹೋದದ್ದು ಎದುರು ರಸ್ತೆಯಲ್ಲಿ ಹೊಸದಾಗಿ ತೆರೆದಿದ್ದ ಇನ್ನೊಂದು ಲಾಂಡ್ರಿಗೆ.

ಯಜಮಾನರು ಒಳಗೆ ಕರೆದರು. "ನೋಡಮ್ಮ, ಕೆಲಸದಲ್ಲಿ ನಿನ್ನನ್ನ ಮೀರಿಸೋರಿಲ್ಲ. ಆದ್ರೆ ನೀನು ಬಾಯಿ ತೆಗೆದ್ರೆ ಜನ ಚಪ್ಪಲಿ ಹುಡುಕ್ತಾರೆ. ಎದುರುಗಡೆಯೋರು ಈಗ ಮಿಂಚಕ್ಕನ ಮೇಲೆ ಕಣ್ಣು ಹಾಕಿದ್ದಾರಂತೆ. ಅವಳು ಹೋದ್ರೆ ರೋಲರ್ ನಿಂತ ಹಾಗೇ. ಅವಳನ್ನ ಉಳಿಸ್ಕೊಳ್ಳೋದು ನಿನ್ನ ಜವಾಬ್ದಾರಿ."

"ಅವಳೆಲ್ಲಿ ಹೋಗ್ತಾಳೆ ಬಿಡಿ ಸಾರ್!" ಎಂದಳು ಗುಡುಗಕ್ಕ. ಕಿಟಕಿ ಗಾಜು ಅದುರಿತು. ಆದರೆ ಅವಳಿಗೇ ಆ ಮಾತಿನ ಮೇಲೆ ನಂಬಿಕೆಯಿರಲಿಲ್ಲ. ಇವಳು ಸೂಪರ್‌ವೈಸರ್ ಆದ ಮೇಲೆ ಮಿಂಚಕ್ಕ ನಾಲ್ಕು ಜನರ ಎದುರು ಅವಳನ್ನು "ನೀವು" ಎನ್ನಲು ಶುರುಮಾಡಿದ್ದಳು. ಮೊದಲು ಗುಡುಗಕ್ಕ ಅದನ್ನು ತಮಾಷೆ ಅಂದುಕೊಂಡಿದ್ದಳು. ಈಗ ಯಾರೂ ಇಲ್ಲದಾಗಲೂ "ನೀವು". ಬಯ್ದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಯಜಮಾನರು ಒಂದು ದಿನದ ತರಬೇತಿ ಇಡಿಸಿದರು. ಪಾಠ ಹೇಳಲು ಬಂದ ಹೆಂಗಸು ಒಳ್ಳೆಯವಳೇ, ನಗುಮುಖದವಳು. ಯಾರ ತಪ್ಪನ್ನಾದರೂ ಹೇಳುವ ಮೊದಲು ಒಂದು ಮೆಚ್ಚುಗೆಯ ಮಾತು ಹೇಳಿ, ಆಮೇಲೆ ತಪ್ಪು ಹೇಳಿ, ಕೊನೆಗೆ ಇನ್ನೊಂದು ಮೆಚ್ಚುಗೆ ಹೇಳಿ ಮುಗಿಸಿ ಎಂದಳು. ಗುಡುಗಕ್ಕನಿಗೆ ಇದು ಬಲು ಹಿಡಿಸಿತು. ಬೆಡ್‌ಶೀಟು ಮಡಚಿದ ಹಾಗೆಯೇ ಅಲ್ಲವೇ, ಕಲೆ ಒಳಗೆ, ಬಿಳುಪು ಹೊರಗೆ! ಮಧ್ಯಾಹ್ನದ ಪಾಠ, ಇನ್ನೊಬ್ಬರು ಹೇಳುವುದನ್ನು ಕೇಳುವುದು ಹೇಗೆ ಎಂಬುದರ ಬಗ್ಗೆ. ಅಷ್ಟರಲ್ಲಿ ರೋಲರಿಗೆ ಬಟ್ಟೆ ಸಿಕ್ಕಿಕೊಂಡಿತೆಂದು ಯಾರೋ ಓಡಿ ಬಂದರು, ಇವಳೂ ಎದ್ದು ಓಡಿದಳು. ಕೇಳುವುದನ್ನು ಕಲಿಯುವುದೇನು ಬಂತು, ದೇವರು ಎರಡು ಕಿವಿ ಕೊಟ್ಟಿಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮರುದಿನದಿಂದ ಹೊಗಳಿಕೆಯ ಮಳೆ. ಏನು ಹೇಳಲಿ ಆ ಕರ್ಮವನ್ನು! ಒಗೆಯುವವನೊಬ್ಬನ ಹತ್ತಿರ ಹೋಗಿ, ಯಂತ್ರದ ಸದ್ದಿಗೆ ಮೇಲಾಗಿ, "ನಿನ್ನ ಮೀಸೆ ಬಹಳ ಚೆನ್ನಾಗಿದೆ!" ಎಂದು ಕೂಗಿದಳು. ಅವನು ಗಾಬರಿಯಿಂದ ಮೀಸೆ ಮುಟ್ಟಿಕೊಂಡ. "ಸೋಪಿನ ಪುಡಿ ಸುರಿದೂ ಸುರಿದೂ ಆಸ್ಪತ್ರೆ ದಿಂಬಿನ ಚೀಲ ಎಲ್ಲಾ ಹಾಳು ಮಾಡಿದ್ದೀಯ! ಅಂಗಿನೂ ಚೆನ್ನಾಗಿದೆ!" ಅಷ್ಟು ಹೇಳಿ ಧನ್ಯಳಾದಂತೆ ನಡೆದಳು. ಅವನ ಹೆಂಡತಿಯೂ ಅಲ್ಲೇ ಮಡಚುವ ಮೇಜಿನಲ್ಲಿದ್ದಳು. ಆ ಮೀಸೆ ಆ ವಾರವೇ ಹೋಯಿತು.

ಎಂಟು ದಿನವೂ ಆಗಲಿಲ್ಲ, ಗುಡುಗಕ್ಕ ನಕ್ಕರೆ ಸಾಕು ಜನಕ್ಕೆ ಬೆವರು. "ಅಯ್ಯೋ, ನನ್ನನ್ನ ಹೊಗಳಿದ್ಲು ಕಣೇ, ಇವತ್ತು ಗ್ರಹಚಾರ" ಎಂದು ಮಡಚುವ ಮೇಜಿನಲ್ಲಿ ಪಿಸುಗುಟ್ಟುವರು. ಮೊದಲಿನ ಗುಡುಗೇ ವಾಸಿಯಾಗಿತ್ತು, ಬಂದ ಹಾಗೆ ಹೋಗುತ್ತಿತ್ತು ಎಂದರು ಹಳಬರು. ಇದು ಅವಳ ಕಿವಿಗೂ ಬಿತ್ತು. ಮೈ ಪರಚಿಕೊಳ್ಳುವ ಹಾಗಾಯಿತು. ಬಯ್ದರೂ ತಪ್ಪು, ಹೊಗಳಿದರೂ ತಪ್ಪು. ಈ ಜನಕ್ಕೆ ಬೇಕಾದರೂ ಏನು? ರಾತ್ರಿ ಊಟಕ್ಕೆ ಕೂತಾಗ ಗಂಡನ ಮೇಲೆ ಹಾಯ್ದಳು. ಅವನು ಬಸ್ ಕಂಡಕ್ಟರು. ದಿನವಿಡೀ ಸಾವಿರ ಜನರ ಹತ್ತಿರ ಬಾಯಿ ನೋಯಿಸಿಕೊಂಡು ಬಂದವನಿಗೆ ಮನೆಯಲ್ಲಿ ಮೌನವ್ರತ.

"ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರಲ್ಲ, ನಂಗ್ಯಾಕೆ ದಿನಾ ಜಗಳ?" ಎಂದು ಕೇಳಿದಳು.

"ಅದರ ಮೊದಲರ್ಧ ಊಟ ಬಲ್ಲವನಿಗೆ ರೋಗವಿಲ್ಲ ಅಂತ. ಮೊದಲು ಊಟ ಮಾಡೋಕೆ ಬಿಡು" ಎಂದ ಅವನು.

ಆ ದಿನಗಳಲ್ಲೇ ಮಿಂಚಕ್ಕ ಅವಳನ್ನು ಹುಡುಕಿಕೊಂಡು ಬರತೊಡಗಿದ್ದಳು. ಮೊದಲ ಸಲ ಚಹಾದ ಬಿಡುವಿನಲ್ಲಿ. "ಒಂದು ಮಾತು ಹೇಳ್ಬೇಕಿತ್ತು" ಎಂದು ಗೋಡೆಗೆ ಆತು ನಿಂತಳು. ಗುಡುಗಕ್ಕ ಅಂದುಕೊಂಡಳು: ಬಂತು, ಕೆಲಸ ಬಿಡುವ ಮಾತೇ ಬಂತು! ಅವಳು ಬಾಯಿ ತೆಗೆಯುವ ಮೊದಲೇ ತಡೆಯಬೇಕೆಂದು ಇವಳು ಶುರುಹಚ್ಚಿದಳು. "ನಿನ್ನಂಥ ಕೈ ಈ ಊರಲ್ಲೇ ಇಲ್ಲ ಕಣೇ! ರೋಲರ್ ಅಂದ್ರೆ ನೀನು, ನೀನು ಅಂದ್ರೆ ರೋಲರ್! ಸಾಯೋ ತನಕ ನೀನು ಅಲ್ಲೇ ನಿಂತಿರ್ಬೇಕು, ಹಾಗಿದೆ ನಿನ್ನ ಕೆಲಸ!" "ಆಯ್ತು" ಎಂದು ಮಿಂಚಕ್ಕ ಲೋಟ ತೊಳೆದಿಟ್ಟು ಹೋದಳು. ಗುಡುಗಕ್ಕನಿಗೆ ಗೆದ್ದ ಖುಷಿ.

ಎರಡನೆಯ ಸಲ ಬಟ್ಟೆ ಬದಲಿಸುವ ಕೋಣೆಯಲ್ಲಿ. ಮಿಂಚಕ್ಕ ಬೆಂಚಿನ ಮೇಲೆ ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದಳು. "ನಿಮ್ಮ ಹತ್ರ ಆವತ್ತು ಹೇಳೋಣ ಅಂತಿದ್ದೆ..." ಎಂದಳು. "ನೀವು" ಎಂದದ್ದೇ ಗುಡುಗಕ್ಕನಿಗೆ ನೆತ್ತಿಗೇರಿತು. ಆದರೆ ಪಾಠ ನೆನಪಿತ್ತು. ಹಲ್ಲು ಕಚ್ಚಿಕೊಂಡು ನಕ್ಕಳು. ಸೀರೆ ಚೆನ್ನಾಗಿದೆ ಎಂದಳು, ಮಕ್ಕಳನ್ನು ಚೆನ್ನಾಗಿ ಬೆಳೆಸಿದ್ದೀಯ ಎಂದಳು, ಹೊಸ ಹುಡುಗಿಯರು ನಿನ್ನನ್ನು ನೋಡಿ ಕಲಿಯಬೇಕು ಎಂದಳು. ಒಂದು ಹೊಗಳಿಕೆ ಮುಗಿಯುವಾಗ ಇನ್ನೊಂದನ್ನು ಹುಡುಕುವುದರಲ್ಲೇ ಅವಳ ತಲೆಯೆಲ್ಲ. ಎದುರಿನವಳ ಕೈ ಮೊಣಕಾಲಿನ ಮೇಲಿದ್ದದ್ದು ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಅಯ್ಯೋ ಮಹಾತಾಯಿ, ಒಂದು ಕ್ಷಣ ಬಾಯಿ ಮುಚ್ಚಬಾರದಿತ್ತೇ! ಅವಳೇನು ಹೇಳಲಿಕ್ಕೆ ಬಂದಿದ್ದಳೋ ಅದು ಅವಳ ಗಂಟಲಲ್ಲೇ ಉಳಿಯಿತು.

ತಿಂಗಳ ಕೊನೆಗೆ ಯಜಮಾನರೇ ಹೇಳಿದರು, ಮಿಂಚಕ್ಕ ಕೆಲಸ ಬಿಟ್ಟಳು, ಇವತ್ತೇ ಕೊನೆ ಎಂದು. ಗುಡುಗಕ್ಕ ಕೇಳಿದ್ದೇ ತಡ, ಅಂಗಳ ದಾಟಿ ಓಡಿದಳು. ಗೇಟಿನ ಹತ್ತಿರ ಮಿಂಚಕ್ಕ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು, ಒಂದು ಕಾಲಿನ ಮೇಲೆ ಭಾರ ಬಿಟ್ಟು.

"ಏನೇ ಇದು! ನಾನೇನು ಕಡಿಮೆ ಮಾಡ್ದೆ ನಿಂಗೆ? ಒಂದು ದಿನ ಬೈದಿದ್ದೀನಾ? ಬಾಯಿ ತುಂಬಾ ಹೊಗಳಿದ್ದೀನಿ, ನನ್ನ ಹೆತ್ತ ತಾಯಿನೂ ಹಾಗೆ ಹೊಗಳಿಲ್ಲ!" ಕಾವಲಿನವನು ಎದ್ದು ನಿಂತ. ಗುಡುಗಕ್ಕನ ಕಣ್ಣಲ್ಲಿ ನೀರು, ಸಿಟ್ಟಿಗೋ ದುಃಖಕ್ಕೋ ಅವಳಿಗೇ ಗೊತ್ತಿಲ್ಲ.

"ಹೊಗಳು ಅಂತ ಕೇಳಿದ್ನೇನೇ ನಾನು?" ಎಂದಳು ಮಿಂಚಕ್ಕ. ಎಷ್ಟೋ ದಿನದ ಮೇಲೆ ಏಕವಚನ. "ಮಂಡಿ ಹೋಗಿದೆ ಕಣೇ. ನಿಲ್ಲೋಕಾಗಲ್ಲ. ಹರಿದ ಬಟ್ಟೆ ಹೊಲಿಯೋ ಟೇಬಲ್ಲಿಗೆ ಹಾಕು ಅಂತ ಕೇಳೋಣ ಅಂತ ಬಂದೆ. ಸಾಯೋ ತನಕ ರೋಲರ್ ಹತ್ರ ನಿಂತಿರು ಅಂದೆ ನೀನು. ಆಮೇಲೆ ಮತ್ತೆ ಬಂದೆ. ಸೀರೆ ಚೆನ್ನಾಗಿದೆ ಅಂದೆ."

ಹೊಲಿಗೆ ಟೇಬಲ್ಲು ಇಡೀ ತಿಂಗಳು ಖಾಲಿ ಬಿದ್ದಿತ್ತು. ಯಾರನ್ನು ಹಾಕಲಿ ಎಂದು ಯಜಮಾನರು ಗುಡುಗಕ್ಕನನ್ನೇ ಕೇಳಿದ್ದರು. ಕೂತು ಮಾಡುವ ಕೆಲಸ ಯಾರಿಗೆ ಬೇಕೋ ಬಂದು ಕೇಳಲಿ ಎಂದು ಇವಳೇ ಸುಮ್ಮನಿದ್ದಳು.

"ಈಗ್ಲೇ ಹಾಕ್ತೀನಿ. ಈಗ್ಲೇ ಹೋಗಿ ಹೇಳ್ತೀನಿ, ಬಾ ಒಳಗೆ."

"ಇಲ್ಲ ಕಣೇ. ಎದುರುಗಡೆಯೋರಿಗೆ ಮಾತು ಕೊಟ್ಟಾಯ್ತು."

"ಅಂಥದ್ದೇನು ಹೇಳಿದ್ಲೇ ಅಲ್ಲಿನ ಸೂಪರ್‌ವೈಸರು? ಏನು ಬೆಣ್ಣೆ ಹಚ್ಚಿದ್ಲು ನಿಂಗೆ?"

ಮಿಂಚಕ್ಕ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. "ಬೆಣ್ಣೆನಾ? ಸಿಡುಕು ಮೋರೆ ಅವಳದು, ಮಾತೇ ಆಡಲ್ಲ. ನಾನು ಬಾಗಿಲಲ್ಲಿ ಕಾಲು ಬದಲಾಯಿಸಿಕೊಂಡು ನಿಂತಿದ್ದೆ. ಅವಳು ನೋಡಿದ್ಲು. ಒಂದು ಸ್ಟೂಲ್ ಎಳೆದು ಹಾಕಿ ಕೂತ್ಕೋ ಅಂದ್ಲು."